ಆಖು-ಮೂಷಕ ವಿಚಾರ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇಲಿಯ ಹೆಸರುಗಳು ಒಂದರ ಬೆನ್ನಿಗೊಂದು ನಾಲಿಗೆಗೆ ಬರುವವು. ಪಾಠಶಾಲೆಯ ದಿನಗಳಲ್ಲಿ ನಾವು ಅವನ್ನು ಅರ್ಥದ ಗೊಡವೆಯಿಲ್ಲದೆ ಒಪ್ಪಿಸಿದ್ದೇ ಹೆಚ್ಚು. ವ್ಯಾಕರಣಕ್ಕೆ ಕೈಯಿಟ್ಟ ಮೇಲೆ ತಿಳಿದದ್ದೇನಂದರೆ, ಆ ಹೆಸರುಗಳಲ್ಲಿ ಎರಡು ಒಂದಕ್ಕೊಂದು ತೀರ ಬೇರೆಯಾದ ಎರಡು ತೀರ್ಪುಗಳಾಗಿವೆ. ಮೂಷಕವೆಂಬುದು ಕಳ್ಳತನವನ್ನು ಹೇಳುವ ‘ಮುಷ್’ ಧಾತುವಿನಿಂದ ಬಂದದ್ದು. ಕದಿಯುವಂಥದು ಎಂದು ಅರ್ಥ. ಆಖುವೆಂಬುದು ಅಗೆಯುವುದನ್ನು ಹೇಳುವ ‘ಖನ್’ ಧಾತುವಿನಿಂದ. ತೋಡುವಂಥದು ಎಂದು ಅರ್ಥ. ಒಂದು ಹೆಸರು ಆ ಜೀವಿಯನ್ನು ಅಪರಾಧಿಯೆಂದು ಕರೆಯುತ್ತದೆ. ಇನ್ನೊಂದು ಅದನ್ನು ದುಡಿಮೆಗಾರನೆಂದು ಕರೆಯುತ್ತದೆ. ಕೋಶಕಾರನು ಎರಡನ್ನೂ ಪಕ್ಕಪಕ್ಕದಲ್ಲಿ ಕೂಡಿಸಿ ಸುಮ್ಮನಾದನು. ವಿಘ್ನರಾಜನಿಗೂ ಆಖುವಾಹನ, ಮೂಷಕವಾಹನ ಎಂಬ ಎರಡೂ ಹೆಸರು ಸಲ್ಲುವವು. ದೇವರು ಯಾವುದರ ಮೇಲೆ ಕುಳಿತಿರುವನು, ಕಳ್ಳನ ಮೇಲೋ ಕೂಲಿಯವನ ಮೇಲೋ ಎಂದು ಒಬ್ಬ ಹುಡುಗನು ನನ್ನ ತರಗತಿಯಲ್ಲಿ ಕೇಳಿದ್ದನು. ಆಗ ನಗಿಸಿ ಕೂರಿಸಿದೆ. ಉತ್ತರ ಕೊಡಲಿಲ್ಲ.

ಪ್ರಶ್ನೆಯು ಇಲಿಯದ್ದಷ್ಟೇ ಆಗಿದ್ದರೆ ವಾಚಕರ ಹೊತ್ತನ್ನು ಕಳೆಯುವ ಧೈರ್ಯವನ್ನು ಮಾಡುತ್ತಿರಲಿಲ್ಲ. ನೆಲದಲ್ಲಿ ತೋಡಿ ನಾಳೆಗಾಗಿ ಕಾಳನ್ನು ಕೂಡಿಡುವ ಪ್ರಾಣಿಗಳು ನಮ್ಮ ಸೀಮೆಯಲ್ಲಿ ಎರಡುಂಟು. ಒಂದು ಹೊಲದ ಹೆಗ್ಗಣ, ಇನ್ನೊಂದು ನಾವು.

ಮೊದಲು ಹೆಗ್ಗಣದ ಸಂಗತಿ. ಮನೆಯ ಮೋರಿಯಲ್ಲಿ ಓಡಾಡುವ ದೊಡ್ಡ ಹೆಗ್ಗಣವಲ್ಲ ಇದು. ಅದರ ಚಿಕ್ಕ ದಾಯಾದಿ. ಬಾಲವು ಮೈಗಿಂತ ಮೋಟು, ಮೂತಿ ಮೊಂಡು, ಕೂದಲು ಒರಟು. ಗದಗ, ರೋಣ, ನರಗುಂದಗಳ ಎರೆಯ ಬಯಲೇ ಇದರ ತವರು. ಶಿರಹಟ್ಟಿಯ ಮಸಾರಿ ದಿಬ್ಬಗಳಲ್ಲಿಯೂ ಕಪ್ಪತಗುಡ್ಡದ ಕಲ್ಲುಗಳ ನಡುವೆಯೂ ಇದಕ್ಕೆ ಅಷ್ಟು ಸುಖವಿಲ್ಲ. ಲಕ್ಷ್ಮೇಶ್ವರದ ಸುತ್ತಿನ ಕರಿಯ ಹೊಲಗಳಿಗೆ ಬಂದರೆ ಬದುವಿನ ಬದಿಯಲ್ಲಿ ಹಿಡಿಹಿಡಿಯಾಗಿ ಎತ್ತಿ ಹಾಕಿದ ಹಸಿಮಣ್ಣಿನ ಗುಪ್ಪೆಗಳು ಕಾಣುವವು. ಮುಂಡರಗಿಯ ಕಡೆಗೆ ತುಂಗಭದ್ರೆಯ ನೀರನ್ನು ಎತ್ತಿ ಹರಿಸಿದ ಮೇಲೆ ಅಲ್ಲಿಯೂ ಇವು ಹೆಚ್ಚುವುದು ಆಶ್ಚರ್ಯವಲ್ಲ. ನೀರು ಹರಿದಲ್ಲಿ ಬೆಳೆ, ಬೆಳೆಯಿದ್ದಲ್ಲಿ ಹೆಗ್ಗಣ.

ಈ ಪ್ರಾಣಿಯನ್ನು ಮೊದಲು ಶಾಸ್ತ್ರಕ್ರಮದಿಂದ ಬಣ್ಣಿಸಿದವರಲ್ಲಿ ಒಬ್ಬನು ನಮ್ಮ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದನು. ಅವನ ಹೆಸರು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆಯು ಬಿದ್ದಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲರಲ್ಲಿ ಇವನೊಬ್ಬ. ಬಿಡುಗಡೆಯಾದ ಮೇಲೆ ಈ ಸೀಮೆಯನ್ನು ದ್ವೇಷಿಸಬಹುದಾಗಿದ್ದವನು ಇದರ ಶಾಸನಗಳನ್ನು ನೂರಾರಾಗಿ ಪ್ರತಿಮಾಡಿಸಿದನು. ಕಾಡುಮೃಗಗಳನ್ನೂ ಹೊಲದ ಇಲಿಗಳನ್ನೂ ನೋಡಿ ಬರೆದಿಟ್ಟನು. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೆಂದು ಅವನ ಲೇಖವು 1839ರಲ್ಲಿ ಮದ್ರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. (ಅಚ್ಚ ಕನ್ನಡ ನಾಡಿಗೆ ಮರಾಠಾ ಸೀಮೆಯೆಂಬ ಹೆಸರು ಆಗಿನ ದಫ್ತರದ್ದು, ಆ ದುಃಖವನ್ನು ಈಗ ತೋಡುವ ಕಾರಣವಿಲ್ಲ.) ಹೊಲದ ಹೆಗ್ಗಣಕ್ಕೆ ಕನ್ನಡಿಗರು ಹೇಳುತ್ತಿದ್ದ ಹೆಸರನ್ನು ಅವನು ‘ಕೋಕ್’ ಎಂದು ಬರೆದುಕೊಂಡಿದ್ದಾನೆ. ತೆಲುಗಿನ ‘ಪಂದಿಕೊಕ್ಕು’ ಇದರ ನೆಂಟನೇ. ಆ ಪಂದಿಕೊಕ್ಕುವೇ ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆದದ್ದು. ಎಲಿಯಟ್ಟನು ತಾನಾಗಿ ಇದಕ್ಕೆ ಕೊಟ್ಟ ಲ್ಯಾಟಿನ್ ಹೆಸರು ‘ಪ್ರಾವಿಡೆನ್ಸ್’, ಅಂದರೆ ಮುಂದಾಲೋಚನೆಯುಳ್ಳದ್ದು. ಕಳ್ಳನೆನ್ನಲಿಲ್ಲ, ಅಗೆಯುವವನೆಂದೂ ಅನ್ನಲಿಲ್ಲ. ಇದು ಮೂರನೆಯ ತೀರ್ಪು.

ಅವನು ಕಂಡದ್ದು ಇಷ್ಟು. ಒಂದು ಬಿಲದಲ್ಲಿ ಒಂದೇ ಹೆಗ್ಗಣ. ಗಂಡುಹೆಣ್ಣುಗಳು ಕೂಡಿ ಬಾಳುವುದಿಲ್ಲ. ಮರಿಗಳು ತಮ್ಮ ಹೊಟ್ಟೆಯನ್ನು ತಾವು ನೋಡಿಕೊಳ್ಳುವಷ್ಟಾದ ಕೂಡಲೆ ತಾಯಿಯೇ ಅವನ್ನು ಹೊರಗೆ ಅಟ್ಟುವಳು. ಕೆಣಕಿದರೆ ಮೈಗೂದಲನ್ನು ನಿಮಿರಿಸಿ ಹಂದಿಯಂತೆ ಗುರುಗುಟ್ಟುವುದು. ಒಳಗೆ ಹುಲ್ಲು ಹಾಸಿದ ಮಲಗುವ ಕೋಣೆಯೊಂದು, ಕಾಳು ಕೂಡಿಡುವ ಕೋಣೆ ಬೇರೆ, ಅಪಾಯಕ್ಕೆ ಓಡಿಹೋಗುವ ದಾರಿ ಬೇರೆ. ಮಳೆಗಾಲದಲ್ಲಿ ಎರೆಯು ನೀರು ಕುಡಿದು ಬಿಲ ಮುಳುಗಿ ಸಂಗ್ರಹ ಕೊಳೆತರೆ ಎಲ್ಲವನ್ನೂ ಬಿಟ್ಟು ಬೇರೆ ತಾಣ ನೋಡುವುದು. 1833ರ ಆಗಸ್ಟಿನಲ್ಲಿ ಹೀಗೆ ಸಮನೆಲವನ್ನು ಬಿಟ್ಟು ಇಳಿಜಾರಿನಲ್ಲಿ ಹೊಸ ಮನೆ ಮಾಡಿಕೊಂಡ ಒಂದರ ಬಿಲವನ್ನು ಅವನು ತಾನೇ ತೋಡಿಸಿ ನೋಡಿದ್ದಾನೆ. ಕೆರೆ ತೋಡುವ ಒಡ್ಡರು ಕಾಳಿನ ಆಶೆಗೆ ಈ ಬಿಲಗಳನ್ನು ಅಗೆಯುವ ರೂಢಿಯಿತ್ತೆಂದೂ, ಒಂದು ಬಿಲದಲ್ಲಿ ಅರ್ಧ ಸೇರಿನವರೆಗೆ, ಅಂದರೆ ಒಂದು ಪೌಂಡು ತೂಕದಷ್ಟು ಕಾಳು ಸಿಗುತ್ತಿತ್ತೆಂದೂ, ಅದರಲ್ಲಿ ಜೋಳದ ಇಡಿ ತೆನೆಗಳೂ ಇರುತ್ತಿದ್ದವೆಂದೂ ಬರೆದಿದ್ದಾನೆ.

ಈ ಅರ್ಧ ಸೇರನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸವಿದೆ.

ಇನ್ನು ಕಳ್ಳನೆಂಬ ಪಕ್ಷವನ್ನು ನೋಡೋಣ. ನಮ್ಮ ಹಿರಿಯರು ಬೆಳೆಗೆ ಒದಗುವ ಈತಿಬಾಧೆಗಳನ್ನು ಆರೆಂದು ಎಣಿಸಿದ್ದಾರೆ: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಮತ್ತು ಹತ್ತಿರದ ಅರಸರು. ಆರನೆಯದನ್ನು ಸೇರಿಸಿದವನ ಧೈರ್ಯಕ್ಕೆ ನಾನು ಯಾವಾಗಲೂ ಕೈಮುಗಿಯುತ್ತೇನೆ. ಮೈಸೂರಿನ ಶಾಮಶಾಸ್ತ್ರಿಗಳು ಹುಡುಕಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಲಿಗಳ ಭಯವು ಬೆಂಕಿ, ನೆರೆ, ರೋಗ, ಬರಗಳ ಸಾಲಿನಲ್ಲಿಯೇ ನಿಂತಿದೆ. ಬೆಕ್ಕುಮುಂಗುಲಿಗಳನ್ನು ಬಿಡಬೇಕು, ಅವನ್ನು ಹಿಡಿದರೂ ಕೊಂದರೂ ದಂಡ, ಕಳ್ಳಿಯ ಹಾಲು ಸವರಿದ ಕಾಳನ್ನು ಚೆಲ್ಲಬೇಕು, ಬೇಕಾದರೆ ಇಲಿಗಳನ್ನು ತಂದೊಪ್ಪಿಸುವ ಕರವನ್ನೇ ಹಾಕಬೇಕು ಎಂದು ವಿಧಾನ. ಈಗ ಅಂಗಡಿಯಲ್ಲಿ ಸಿಗುವ ಜಿಂಕ್ ಫಾಸ್ಫೈಡಿನ ಪುಡಿಯು ಕಳ್ಳಿಯ ಹಾಲಿನ ಮೊಮ್ಮಗನಷ್ಟೆ.

ಭಯವು ಸುಳ್ಳಲ್ಲ. 1826ರಲ್ಲಿ ಮುಂಗಾರಿ ತಡೆದು ಹೊಲದ ಇಲಿಗಳು ಹುಚ್ಚೆದ್ದು ಬೆಳೆದುದನ್ನು ಎಲಿಯಟ್ಟನೇ ಕಂಡನು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆ ತಿಂದವು. ಉಳಿದದ್ದು ತೆನೆಕಟ್ಟಿದಾಗ ದಂಟನ್ನೇರಿ ತೆನೆಯನ್ನು ಕತ್ತರಿಸಿ ಕೆಡವಿದವು. ಸಾರಾ ಕೊಡಲಾರದಷ್ಟು ರೈತರು ಹಾಳಾದರು. ಒಡ್ಡರಿಗೆ ಡಜನ್ನಿಗೆ ಇಷ್ಟು ಕಾಳೆಂದು ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರೂ ಕಡಿಮೆಯಾದಂತೆ ಕಾಣಲಿಲ್ಲವಂತೆ. 1876ರಿಂದ 78ರ ಘೋರ ಬರವು ಮುಗಿದ ಮೇಲೆ, ಬದುಕಿ ಉಳಿದವರು ಬಿತ್ತಿದ ಪೈರಿನ ಮೇಲೆ 1879ರ ಸುಮಾರಿಗೆ ಮತ್ತೆ ಇಲಿಯ ದಂಡು ಬಿದ್ದಿತು. ಸರಕಾರವು ಸತ್ತ ಇಲಿಗೆ ಬಹುಮಾನ ಕೊಟ್ಟಿತು.

ಆದರೆ ಇಲ್ಲಿ ಒಂದು ವಿವೇಕವನ್ನು ಮಾಡಬೇಕು. 1826ರ ಆ ದಂಡು ಹೆಗ್ಗಣದ್ದಲ್ಲ. ಅದು ‘ಮೆಟ್ಟಾಡೆ’ಯೆಂಬ ಮೃದುಕೂದಲಿನ ಸಣ್ಣ ಇಲಿ. ಐದಾರು ಕೂಡಿ ಬಾಳುತ್ತದೆ. ಮನೆಯೆಂಬುದನ್ನು ಸರಿಯಾಗಿ ಕಟ್ಟುವುದಿಲ್ಲ. ಕಲ್ಲಿನ ಗುಂಪೆಯಲ್ಲಿಯೋ, ಹೆಗ್ಗಣ ಬಿಟ್ಟುಹೋದ ಬಿಲದಲ್ಲಿಯೋ, ಬೇಸಗೆಯಲ್ಲಿ ಎರೆಯು ಬಾಯಿಬಿಟ್ಟ ಬಿರುಕಿನಲ್ಲಿಯೋ ಸೇರಿಕೊಳ್ಳುವುದು. ಮೊದಲ ದೊಡ್ಡ ಮಳೆಗೆ ಬಿರುಕು ಮುಚ್ಚಿಕೊಂಡಾಗ ಲೆಕ್ಕವಿಲ್ಲದಷ್ಟು ಅದರೊಳಗೇ ಹೂಳಿ ಸಾಯುವವು. ಮಳೆ ತಡೆದ ವರ್ಷ ಸಾಯುವುದಿಲ್ಲ, ಆದುದರಿಂದ ಬೆಳೆಯುವವು. ಸಂಗ್ರಹಿಸುವುದು ಇದರ ಸ್ವಭಾವವಲ್ಲ. ಇದ್ದದ್ದನ್ನು ಇದ್ದಲ್ಲಿಯೇ ತಿಂದುಹಾಕುವುದು. ನಾವು ‘ಹೆಗ್ಗಣದಂತೆ ಕೂಡಿಟ್ಟನು’ ಎಂದು ಕೂಡಿಡುವವನನ್ನು ಬೈಯುತ್ತೇವೆ. ಸೀಮೆಗೆ ಸೀಮೆಯನ್ನೇ ಬೋಳುಮಾಡಿದ್ದು ಕೂಡಿಡದ ಜಾತಿ. ಹೆಗ್ಗಣವು ನಿರಪರಾಧಿಯೆಂದು ಹೇಳುತ್ತಿಲ್ಲ. ಶೇಂಗಾ, ಕಬ್ಬು, ಗೋದಿಗಳಿಗೆ ಅದರಿಂದ ಹಾನಿಯುಂಟು. ಭತ್ತದ ನಾಡುಗಳಲ್ಲಿ ಅದರ ಒಂದೊಂದು ಬಿಲದಲ್ಲಿ ಅರ್ಧ ಸೇರಿಗಿಂತ ಎಷ್ಟೋ ಹೆಚ್ಚು ಸಿಕ್ಕಿದೆ. ಅಪರಾಧವು ಕೂಡಿಡುವುದರಲ್ಲಿಯೇ ಇದೆ ಎಂಬ ನಮ್ಮ ಅವಸರದ ತೀರ್ಪು ಮಾತ್ರ ಹೊಲದಲ್ಲಿ ನಿಲ್ಲಲಾರದು.

ಧರ್ಮಶಾಸ್ತ್ರವೂ ಕೂಡಿಡುವುದನ್ನು ಹಾಗೆ ಒಂದೇ ಏಟಿಗೆ ತಳ್ಳಲಿಲ್ಲ. ಮನುವು ಗೃಹಸ್ಥರನ್ನು ಅವರ ಸಂಗ್ರಹದಿಂದ ನಾಲ್ಕು ಬಗೆ ಮಾಡುತ್ತಾನೆ. ಕಣಜ ತುಂಬ ಕಾಳುಳ್ಳ ಕುಸೂಲಧಾನ್ಯಕ, ಗಡಿಗೆಯಷ್ಟುಳ್ಳ ಕುಂಭೀಧಾನ್ಯಕ, ಮೂರು ದಿನಕ್ಕೆ ಸಾಕಾಗುವಷ್ಟುಳ್ಳವನು, ನಾಳೆಗೆ ಏನೂ ಇಲ್ಲದ ಅಶ್ವಸ್ತನಿಕ. ಕಣಜವೆಂದರೆ ಎಷ್ಟು ದಿನದ ಕಾಳೆಂಬ ವಿಷಯದಲ್ಲಿ ವ್ಯಾಖ್ಯಾನಕಾರರಿಗೆ ಜಗಳವುಂಟು, ಅದಿರಲಿ. ಈ ನಾಲ್ವರಲ್ಲಿ ಮುಂದಿನವನು ಹಿಂದಿನವನಿಗಿಂತ ಮೇಲು. ಆದರೆ ನಾಲ್ವರೂ ಗೃಹಸ್ಥರೇ, ಒಬ್ಬನೂ ಕಳ್ಳನಲ್ಲ. ನಮ್ಮ ಹೆಗ್ಗಣವನ್ನು ಈ ಪಟ್ಟಿಯಲ್ಲಿ ಕೂರಿಸುವುದಾದರೆ ಅರ್ಧ ಸೇರಿನ ಒಡೆಯನಾಗಿ ಅದು ಕುಂಭೀಧಾನ್ಯಕವಾದೀತು. ನಾವೋ? ನಮ್ಮ ಸೀಮೆಯ ಹಳೆಯ ಮನೆಗಳ ಅಂಗಳದಲ್ಲಿ, ಅಗಸೆಯ ಮುಂದೆ, ಹಗೇವುಗಳಿದ್ದವು. ನೆಲದಲ್ಲಿ ಆಳುದ್ದ ತೋಡಿ, ಸುತ್ತಲೂ ದಂಟು ಹುಲ್ಲುಗಳನ್ನು ಒತ್ತಿ, ಬಿಳಿಜೋಳ ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆರೆದ ಕೂಡಲೆ ಇಳಿದವನಿಗೆ ಉಸಿರು ಕಟ್ಟುತ್ತಿತ್ತು. ಆದುದರಿಂದ ದೀಪ ಇಳಿಬಿಟ್ಟು ನೋಡಿ ಆಮೇಲೆ ಮನುಷ್ಯನನ್ನು ಇಳಿಸುವರು. ಒಳಗೆ ಹುಲ್ಲಿನ ಹಾಸು, ಮೇಲೆ ಮಣ್ಣಿನ ಮುಚ್ಚಳ, ನಡುವೆ ಜೋಳ. ಹೆಗ್ಗಣದ ಬಿಲಕ್ಕೂ ಇದಕ್ಕೂ ಇರುವ ಭೇದವು ಅಳತೆಯದೊಂದೇ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣವನ್ನು ತೋರಿಸುವ ಗಾದೆಯು ಹುಟ್ಟಿದ್ದು ಹಗೇವಿನ ಊರಿನಲ್ಲಿಯೇ ಇರಬೇಕು.

ಸಂಗ್ರಹದಿಂದ ಒಳಗೆ ಏನಾಗುತ್ತದೆ ಎಂಬುದನ್ನು ವಿಷ್ಣುಶರ್ಮನು ಇಲಿಯ ಬಾಯಿಂದಲೇ ಹೇಳಿಸಿದ್ದಾನೆ. ಪಂಚತಂತ್ರದ ಹಿರಣ್ಯಕನು ಸಂನ್ಯಾಸಿಯ ಭಿಕ್ಷಾಪಾತ್ರೆಯನ್ನು ಎಷ್ಟು ಎತ್ತರದಲ್ಲಿ ತೂಗಹಾಕಿದರೂ ಹಾರಿ ಹಿಡಿಯುತ್ತಿದ್ದನು. ಅತಿಥಿಯಾಗಿ ಬಂದ ಇನ್ನೊಬ್ಬ ಯತಿಯು ಇದು ಕಾಲಿನ ಬಲವಲ್ಲ, ಬಿಲದೊಳಗಿನ ನಿಧಿಯ ಕಾವು ಎಂದು ಗುರುತಿಸಿದನು. ಇಬ್ಬರೂ ಕೂಡಿ ಅಗೆದು ನಿಧಿಯನ್ನೊಯ್ದರು. ಆ ರಾತ್ರಿ ಹಿರಣ್ಯಕನು ಹಾರಿದನು, ಪಾತ್ರೆಯು ಎಟುಕಲಿಲ್ಲ. ಈ ಕಥೆಯನ್ನು ನಾನು ಮೂವತ್ತಕ್ಕಿಂತ ಹೆಚ್ಚು ವರ್ಷ ಪಾಠ ಹೇಳಿದೆನು. ಧನದ ಮದವೆಂದು ಹೇಳಿ ಮುಗಿಸುತ್ತಿದ್ದೆನು. ಇಬ್ಬರು ಸಂನ್ಯಾಸಿಗಳು ಆ ನಿಧಿಯನ್ನು ತಾವೇ ಇಟ್ಟುಕೊಂಡರಲ್ಲ, ಅವರಿಗೆ ಅದು ಹೇಗೆ ಸಲ್ಲುವುದು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಇಲಿಯದ್ದನ್ನು ಯಾರು ತೆಗೆದುಕೊಂಡರೂ ಕಳ್ಳತನವಲ್ಲವೆಂದು ನಾವೆಲ್ಲರೂ ಮೊದಲೇ ಒಪ್ಪಿಕೊಂಡಿದ್ದೆವು.

ಭಾಗವತದ ಅವಧೂತನು ಪ್ರಾಣಿಪಕ್ಷಿಗಳನ್ನೂ ಕೂಡಿಸಿ ಇಪ್ಪತ್ತನಾಲ್ಕು ಗುರುಗಳನ್ನು ಮಾಡಿಕೊಂಡನು. ಅವರಲ್ಲಿ ಜೇನುಹುಳವುಂಟು, ಕೂಡಿಟ್ಟದ್ದು ಕೂಡಿಟ್ಟವನನ್ನೇ ಕೆಡಿಸುವುದೆಂದು ಕಲಿಸುವುದಕ್ಕೆ. ಹಾವೂ ಉಂಟು, ಒಂಟಿಯಾಗಿರಬೇಕು, ಮನೆ ಕಟ್ಟದೆ ಇನ್ನೊಬ್ಬರು ಕಟ್ಟಿದ್ದರಲ್ಲಿ ಇರಬೇಕು ಎಂದು ಕಲಿಸುವುದಕ್ಕೆ. ಇಲಿ ಇಲ್ಲ. ತೋಡಿದವನು ಗುರುವಾಗಲಿಲ್ಲ, ತೋಡಿದ್ದರಲ್ಲಿ ಬಂದು ಸೇರಿದವನು ಗುರುವಾದನು. ಯತಿಧರ್ಮಕ್ಕೆ ಇದು ಸರಿಯಿದ್ದೀತು. ಹೊಲ ಮಾಡುವವನು ಕೇಳಿದರೆ ನಕ್ಕಾನು.

ಹಾಗೆಂದು ಹೆಗ್ಗಣವನ್ನು ಇಪ್ಪತ್ತೈದನೆಯ ಗುರುವೆಂದು ಪೀಠಕ್ಕೇರಿಸುವುದೂ ಅವಸರವೇ. ಹೊಟ್ಟೆಗೆ ಬೇಕಾದಷ್ಟನ್ನೇ ಕೂಡಿಟ್ಟು, ಯಾರ ಸಂಗವನ್ನೂ ಬಯಸದೆ, ತನ್ನ ಕೋಣೆಯಲ್ಲಿ ತಾನಿರುವ ತಪಸ್ವಿಯೆಂದು ನಾನೂ ಒಂದು ಕಾಲಕ್ಕೆ ಭಾಷಣಗಳಲ್ಲಿ ಹೊಗಳಿದ್ದುಂಟು. ಆಮೇಲೆ ತಿಳಿದದ್ದೇನಂದರೆ, 1960ರ ದಶಕದಲ್ಲಿ ಕಲಕತ್ತೆಯ ಧಾನ್ಯದ ಗೋದಾಮುಗಳಲ್ಲಿ ಇದೇ ಜಾತಿಯನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದರು. ಅಲ್ಲಿ ಅದು ಒಂಟಿಯಲ್ಲ. ಚೀಲಗಳ ರಾಶಿಯ ಅಡಿಯಲ್ಲಿ ದಟ್ಟವಾಗಿ ತುಂಬಿಕೊಂಡು ಬಾಳುತ್ತಿತ್ತು. ಹೊಲದಲ್ಲಿ ಕಾಳು ಕಷ್ಟದಿಂದ ಬರುವುದು, ಆದುದರಿಂದ ಪ್ರತಿಯೊಂದೂ ತನ್ನ ಬಿಲವನ್ನು ಹಲ್ಲಿನಿಂದ ಕಾಯುವುದು. ಗೋದಾಮಿನಲ್ಲಿ ಕಾಳಿಗೆ ಕೊನೆಯಿಲ್ಲ, ಕಾಯುವ ಕೆಲಸವೂ ಅಷ್ಟಿಲ್ಲ. ಅದರ ಏಕಾಂತವು ವ್ರತವಲ್ಲ, ಅಭಾವದ ಲೆಕ್ಕ. ಮಿತವಾದ ಸಂಗ್ರಹವೂ ಸಂತೋಷದ ಗುಣವಲ್ಲ. ಒಂದು ಮೂತಿ, ಎರಡು ಕೆನ್ನೆ, ಒಂದು ರಾತ್ರಿಯಲ್ಲಿ ಹೊರಬಹುದಾದದ್ದು ಅಷ್ಟೇ. ಎತ್ತಿನ ಬಂಡಿಯೊಂದನ್ನು ಕೊಟ್ಟುನೋಡಬೇಕಾಗಿತ್ತು.

ಇಷ್ಟಾದ ಮೇಲೂ ಉಳಿಯುವ ಪ್ರಶ್ನೆಯು ಒಂದುಂಟು. ನಾನು ಈ ಲೇಖವನ್ನು ಹಿಡಿದದ್ದು ಅದಕ್ಕಾಗಿಯೇ. ಒಡ್ಡನು ಅಗೆದು ತೆಗೆದ ಆ ಅರ್ಧ ಸೇರು ಯಾರದು?

ನ್ಯಾಯದ ದೃಷ್ಟಿಯಿಂದ ನೋಡಿದರೆ ತೊಡಕೇನೂ ಇಲ್ಲ. ಕಳವಿನಿಂದ ಒಡೆಯನ ಸ್ವತ್ವವು ನಾಶವಾಗುವುದಿಲ್ಲ. ಕಳ್ಳನ ಮನೆಯಲ್ಲಿರುವ ತಂಬಿಗೆಯು ಇನ್ನೂ ಒಡೆಯನ ತಂಬಿಗೆಯೇ. ಇಲಿಯ ಕೋಣೆಯಲ್ಲಿರುವ ಜೋಳವು ಬಿತ್ತಿದವನ ಜೋಳ. ಅಗೆದವನು ಅದನ್ನು ಕಂಡುಹಿಡಿದು ಒಪ್ಪಿಸಬೇಕಾದವನು. ಹೆಚ್ಚೆಂದರೆ ಕೂಲಿ ಕೇಳಬಹುದು.

ಇನ್ನೊಂದು ದೃಷ್ಟಿಯು ಉಂಛವೃತ್ತಿಯದು. ಕೊಯ್ಲಾದ ಹೊಲದಲ್ಲಿ ಬಿದ್ದ ಕಾಳನ್ನು ಒಂದೊಂದಾಗಿ ಆಯ್ದು ಬದುಕುವುದು ಉಂಛ. ಬಿದ್ದ ತೆನೆಯನ್ನು ಆಯುವುದು ಶಿಲ. ಗೃಹಸ್ಥನ ಜೀವಿಕೆಗಳಲ್ಲಿ ಇದಕ್ಕಿಂತ ನಿರ್ಮಲವಾದದ್ದಿಲ್ಲವೆಂದು ನಮ್ಮವರು ಹೇಳುತ್ತಾರೆ. ಧರ್ಮರಾಯನ ಅಶ್ವಮೇಧವನ್ನು ಹಳಿದ, ಅರ್ಧ ಮೈ ಬಂಗಾರವಾದ ಮುಂಗುಲಿಯ ಕಥೆಯು ಉಂಛವೃತ್ತಿಯ ಒಬ್ಬ ಬಡ ಬ್ರಾಹ್ಮಣನದೇ. ಬರಗಾಲದಲ್ಲಿ ಅತಿಥಿಗೆ ಕೊಟ್ಟ ಹಿಟ್ಟು ಉದುರಿದ ನೆಲದಲ್ಲಿ ಹೊರಳಿ ಅದು ಬಂಗಾರವಾಯಿತು, ಅರಸನ ಯಜ್ಞಶಾಲೆಯಲ್ಲಿ ಹೊರಳಿದರೆ ಉಳಿದರ್ಧ ಆಗಲಿಲ್ಲ. ನಮ್ಮ ಸೀಮೆಯ ಮಾತಿನಲ್ಲಿ ಇದೇ ಹಕ್ಕಲು. ಜೋಳ ಕೊಯ್ದು ಕಣಕ್ಕೆ ಹೊತ್ತ ಮೇಲೆ ಹಕ್ಕಲಾಯುವವರನ್ನು ತಡೆಯುವ ರೂಢಿಯಿಲ್ಲ. ಬಿದ್ದದ್ದನ್ನು ಒಡೆಯನು ಬಿಟ್ಟನೆಂದೇ ಅರ್ಥ. ಹಾಗಾದರೆ ಬಿಲದೊಳಗಿನದು ಬಿದ್ದದ್ದೋ, ಕದ್ದದ್ದೋ? ಬಿಟ್ಟದ್ದೋ, ಕಳೆದದ್ದೋ?

1972ರ ಬರ ನಮ್ಮ ವಯಸ್ಸಿನವರ ನೆನಪಿನಲ್ಲಿ ಇನ್ನೂ ಇದೆ. ನಾನು ಆಗ ಪಾಠಶಾಲೆಯಿಂದ ರಜೆಗೆ ಲಕ್ಷ್ಮೇಶ್ವರದ ಹತ್ತಿರದ ನಮ್ಮೂರಿಗೆ ಬಂದಿದ್ದೆನು. ಹಿಂಗಾರಿ ಹೆಚ್ಚಿನ ಕಡೆ ಕೈಬಿಟ್ಟಿತ್ತು. ತಗ್ಗಿನ ಹೊಲವೊಂದರಲ್ಲಿ ಮಾತ್ರ ನಮಗೆ ನಾಲ್ಕು ತೆನೆ ಸಿಕ್ಕಿತ್ತು. ಕೊಯ್ಲಾದ ಮೇಲೆ ಒಬ್ಬ ಮುದುಕಿಯು ಬದುವಿನಲ್ಲಿ ಸಲಿಕೆ ಹಿಡಿದು ಕುಳಿತಿರುವಳೆಂದು ನಾನೇ ಕಂಡು ಬಂದು ಮನೆಯಲ್ಲಿ ಹೇಳಿದೆನು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹುಡುಗರು ಕಂಡದ್ದನ್ನು ಹೇಳುವರಷ್ಟೆ. ಕಾಕಾ ಹೊರಟರು, ನಾನು ಬೆನ್ನಿಗೆ ಹೋದೆನು. ಮೊಳಕಾಲುದ್ದ ಅಗೆದಿದ್ದಳು. ಸೆರಗಿನಲ್ಲಿ ಜೋಳವಿತ್ತು, ಎರಡು ಮೂರು ಇಡಿ ತೆನೆಗಳೂ ಇದ್ದವು.

ಕಾಕಾ “ಹೊಲಾ ಯಾರದು?” ಎಂದರು.

“ಹೊಲಾ ನಿಮ್ಮದ ರೀ ಧಣೇರ. ಬಿತ್ತಿದಾವ್ರು ನೀವ, ಒಯ್ದದ್ದು ಅದು. ಅಗದು ತಗದಾಕಿ ನಾನು. ಒಂದ ಬೊಗಸಿನರ ಬಿಡ್ರಿ.”

ಬಿಡಲಿಲ್ಲ. ಕಾಕಾ ಕ್ರೂರಿಗಳಲ್ಲ, ಮನೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಆದರೆ ಕೊಡುವುದು ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ ಎಂಬುದು ಅವರ ನ್ಯಾಯ. ನನ್ನ ಪಂಚೆಯ ಸೆರಗನ್ನು ಚಾಚಲು ಹೇಳಿದರು. ಆಕೆ ಅದರಲ್ಲಿ ಸುರಿದಳು. ಸುರಿಯುವಾಗ ಒಂದು ಕಾಳೂ ಹೊರಗೆ ಬೀಳದಂತೆ ನನ್ನ ಪಂಚೆಯ ಅಂಚನ್ನು ತಾನೇ ಎತ್ತಿ ಹಿಡಿದಳು.

ಮನೆಗೆ ತಂದೆವು. ಅಜ್ಜಿ ಒಳಗಿನಿಂದಲೇ ಕೂಗಿದಳು: “ಇಲಿ ಎಂಜಲಾ ಅದು. ಒಳಗ ತರಬ್ಯಾಡ್ರಿ.” ನಿಜವೇ, ಇಲಿ ಮುಟ್ಟಿದ ಕಾಳು ಮಡಿಯ ಅಡಿಗೆಗೆ ಬರುವುದಿಲ್ಲ. ಎತ್ತಿನ ಗ್ವಾದಲಿಗೆ ಹಾಕಿದೆವು.

ಅಂದಿನಿಂದ ಇಂದಿನವರೆಗೆ ಕಾಕಾನ ನ್ಯಾಯದಲ್ಲಿ ತಪ್ಪನ್ನು ಹುಡುಕುತ್ತ ಬಂದಿದ್ದೇನೆ. ಸ್ವತ್ವದ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಬೇರೆಡೆಯಲ್ಲಿ. ಆ ಕಾಳಿಗಾಗಿ ನಾವು ಎಂದೂ ಅಗೆಯುತ್ತಿರಲಿಲ್ಲ. ಆಳನ್ನು ಹಚ್ಚಿ ಅಗೆಸಿದ್ದರೆ ಆ ದಿನದ ಕೂಲಿಯು ಸಿಕ್ಕ ಕಾಳಿಗಿಂತ ಹೆಚ್ಚಾಗುತ್ತಿತ್ತು. ಬೆಟ್ಟವನ್ನು ಅಗೆದು ಇಲಿಯನ್ನು ಹಿಡಿಯುವ ಮೂರ್ಖರು ನಾವಾಗಿರಲಿಲ್ಲ. ಅಂದರೆ ಅದನ್ನು ನಾವು ಲೆಕ್ಕದಿಂದ ಬಿಟ್ಟೇ ಇದ್ದೆವು. ಮನುಷ್ಯಲೋಕಕ್ಕೆ ಅದು ಸತ್ತ ಕಾಳು. ಅದನ್ನು ಮತ್ತೆ ಕಾಳನ್ನಾಗಿ ಮಾಡಿದ್ದು ಆಕೆಯ ಸಲಿಕೆ, ಆಕೆಯ ಮೊಳಕೈ. ಆಕೆ ಮೇಲೆತ್ತಿದ ಮೇಲೆ ನಮಗೆ ಅದು ನಮ್ಮದೆಂದು ನೆನಪಾಯಿತು. ನೆನಪಾಗಿ ತಂದೆವು, ತಂದು ತಿನ್ನಲೂ ಇಲ್ಲ. ಧಾತುಪಾಠದ ಪ್ರಕಾರ ಆ ಬದುವಿನ ಮೇಲೆ ಆಖು ಯಾರು, ಮೂಷಕರು ಯಾರು ಎಂದು ನಾನು ಹುಡುಗರ ಮುಂದೆ ಹೇಳಲಾರದೆ ಹೋದದ್ದು ಇದಕ್ಕೆ.

ಅರ್ಧ ಸೇರೆಂದರೆ ಎಷ್ಟು? 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿಯು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪ ಚಿಲ್ಲರೆ, ಇಷ್ಟು ಸಾಕೆಂದು ಗೊತ್ತುಮಾಡಿದನು. ಸಾಲದೆಂದು ಆಗಲೇ ವೈದ್ಯರು ಕೂಗಿಕೊಂಡರು. ಆ ಬರದಲ್ಲಿ ವರ್ತಕರ ಉಗ್ರಾಣಗಳಲ್ಲಿ ಕಾಳು ಇಲ್ಲದೆ ಇರಲಿಲ್ಲ. ವ್ಯಾಪಾರಕ್ಕೆ ಕೈ ಹಾಕಕೂಡದೆಂಬುದು ಸರಕಾರದ ಶಾಸ್ತ್ರವಾಗಿತ್ತು. ಹೀಗಿರಲು ನಮ್ಮ ಎರೆಯ ಹೊಲದ ಒಂದು ಹೆಗ್ಗಣವು ತನಗಾಗಿ ಕೂಡಿಟ್ಟದ್ದು, ಸಾಮ್ರಾಜ್ಯವೊಂದು ಒಬ್ಬ ಮನುಷ್ಯನ ಒಂದು ದಿನಕ್ಕೆ ಅಳೆದುಕೊಟ್ಟದ್ದು, ಎರಡೂ ತೂಕದಲ್ಲಿ ಹೆಚ್ಚುಕಡಿಮೆ ಸಮ. ನನ್ನ ಪಂಚೆಯ ಸೆರಗಿನಲ್ಲಿ ಬಿದ್ದದ್ದು ಬೊಗಸೆಯಲ್ಲ. ಆ ಲೆಕ್ಕದಲ್ಲಿ ಆಕೆಯ ಒಂದು ದಿನ.

ಒಂಟಿಯಾಗಿ ಕೂಡಿಡುವುದರ ಎದುರಿಗೆ ಕೂಡಿ ಕೂಡಿಡುವುದೆಂಬುದು ಒಂದುಂಟು, ಅದನ್ನು ಹೆಗ್ಗಣವು ಅರಿಯದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದಲ್ಲಿ ಅಂಥವುಗಳಲ್ಲಿ ಅದ್ಯವೆಂದು ಅದನ್ನು ಎಣಿಸುತ್ತಾರೆ. ಹಗೇವಿಗೆ ಒಬ್ಬನ ಮುಚ್ಚಳವಿದ್ದದ್ದು ಅಲ್ಲಿ ಹಲವರ ಕೈಗೆ ಬಂದಿತು. ಎಲ್ಲ ಸಂಘಗಳ ಉಗ್ರಾಣಗಳೂ ಹೆಗ್ಗಣದಿಂದ ಮುಕ್ತವಾಗಿದ್ದವೆಂದು ಹೇಳುವಷ್ಟು ಸರಳನಲ್ಲ ನಾನು. ಆದರೂ ಒಂದು ಭೇದವುಂಟು: ಅಲ್ಲಿ ಕದ್ದವನಿಗೆ ಕದ್ದವನೆಂಬ ಹೆಸರು ಬೀಳುವುದು, ಇಟ್ಟವನಿಗೆ ಬೀಳುವುದಿಲ್ಲ.

ಹೋದ ವರ್ಷ ಮಾಗಿಯಲ್ಲಿ ಆ ತಗ್ಗಿನ ಹೊಲಕ್ಕೆ ಹೋಗಿದ್ದೆನು. ಈಗ ಅದನ್ನು ಲಾವಣಿಗೆ ಮಾಡುವ ರೈತನು ಬದುವಿನ ಮೇಲೆ ನಾಲ್ಕು ಹಸಿಮಣ್ಣಿನ ಗುಪ್ಪೆಗಳನ್ನು ತೋರಿಸಿದನು. ಬಾಯಿಗಳು ಒಳಗಿನಿಂದ ಮುಚ್ಚಿದ್ದವು. ಅಂದರೆ ಒಡೆಯರು ಮನೆಯಲ್ಲಿದ್ದಾರೆ. “ಔಷಧ ಇಡೂದೇನ್ರಿ ಮಾಸ್ತರ?” ಎಂದನು. ಬೇಡವೆನ್ನಲು ಬಾಯಿ ತೆರೆದವನು ತಡೆದುಕೊಂಡೆನು. ಕಡಲೆಯೂ ಜೋಳವೂ ಅವನವು, ಸಾಲವೂ ಅವನದು. ಅವನ ಕಾಳಿನಿಂದ ನಾನು ದಯಾವಂತನಾಗುವುದು ಕಾಕಾ ಮಾಡಿದ್ದಕ್ಕಿಂತ ಮೇಲಾದ ಕೆಲಸವಾಗುತ್ತಿರಲಿಲ್ಲ. ಇಡಪ್ಪಾ ಎಂದೆನು, ಆದರೆ ವಿಷವಿಟ್ಟ ಬಿಲಕ್ಕೆ ಒಂದು ಗುರುತು ನೆಡು, ಹಕ್ಕಲಿಗೆ ಬಂದವರು ತಿಳಿಯದೆ ಅಗೆದಾರು ಎಂದೆನು. “ಈಗ ಯಾರ ಅಗೀತಾರ್ರಿ ಮಾಸ್ತರ?” ಎಂದು ನಕ್ಕನು. ಆದರೂ ಬಳ್ಳಾರಿ ಜಾಲಿಯ ನಾಲ್ಕು ಟೊಂಗೆಗಳನ್ನು ಮುರಿದು ತಂದು ನೆಟ್ಟನು.